ಕಡೆಯ ಕಾಳಗ ನೋಡಲು ಯಾರೂ ಇರಲಿಲ್ಲ

ಮಾನ್ಯ ಸಂಪಾದಕರೇ,

ಕಾದಂಬರಿ ಆಧಾರಿತ ಚಿತ್ರಗಳನ್ನು ಕುರಿತು ತಮ್ಮ ಪತ್ರಿಕೆಯ ಸಿನಿಮಾ ಪುಟದಲ್ಲಿ ಇತ್ತೀಚೆಗೆ ಬಂದ ಲೇಖನದಲ್ಲಿ ಹ್ಯಾರಿ ಪಾಟರ್ ಸರಣಿಯ ಕೊನೆಯ ಚಿತ್ರವನ್ನು ಮೂಲಕ್ಕೆ ನಿಷ್ಠವಾದ ಮುಕ್ತಾಯವೆಂದು ಹೊಗಳಲಾಗಿದೆ. ಲೇಖನದ ಉಳಿದ ಮಾತುಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಈ ಒಂದು ಮಾತನ್ನು, ಬಳ್ಳಾರಿಯ ಒಂದು ಪ್ರೌಢಶಾಲೆಯ ಗ್ರಂಥಾಲಯವನ್ನು ನೋಡಿಕೊಳ್ಳುತ್ತಿರುವ ಮತ್ತು ಆ ಸರಣಿಯ ಏಳನೆಯ ಪುಸ್ತಕದ ರಟ್ಟು ಕಿತ್ತುಬಂದಾಗಲೆಲ್ಲ ಅಂಟು ಹಚ್ಚಿ ಮತ್ತೆ ಮಕ್ಕಳ ಕೈಗೆ ಕೊಡುತ್ತಿರುವ ನಾನು ಒಪ್ಪಲಾರೆ.

ಜೆ.ಕೆ. ರೌಲಿಂಗ್ ಅವರ ‘ಹ್ಯಾರಿ ಪಾಟರ್ ಅಂಡ್ ದ ಡೆತ್ಲಿ ಹ್ಯಾಲೋಸ್’ 2007ರ ಜುಲೈನಲ್ಲಿ ಪ್ರಕಟವಾಯಿತು. ಡೇವಿಡ್ ಯೇಟ್ಸ್ ಅದನ್ನು ಎರಡು ಭಾಗಗಳ ಚಿತ್ರವನ್ನಾಗಿ ನಿರ್ದೇಶಿಸಿದರು. ಮೊದಲನೆಯದು 2010ರ ನವೆಂಬರ್‌ನಲ್ಲಿ, ಎರಡನೆಯದು 2011ರ ಜುಲೈನಲ್ಲಿ ತೆರೆಕಂಡಿತು. ಈ ಎರಡು ಭಾಗಗಳಲ್ಲಿ ಒಳ್ಳೆಯದೇನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಮೂವರು ಸಹೋದರರು ಸಾವನ್ನು ಎದುರಾಗುವ ಉಪಕಥೆಯನ್ನು ಮೊದಲ ಭಾಗದಲ್ಲಿ ನೆರಳುಚಿತ್ರಗಳಂತೆ ತೋರಿಸಿರುವ ರೀತಿ ಬಹಳ ಸೊಗಸಾಗಿದೆ. ತೊಗಲುಗೊಂಬೆಯಾಟ ನೋಡಿ ಬೆಳೆದ ನಮ್ಮ ಕಡೆಯವರಿಗಂತೂ ಅದು ಕೂಡಲೇ ಹಿಡಿಸುತ್ತದೆ. ಹ್ಯಾರಿಯ ಅಧ್ಯಾಪಕ ಸ್ನೇಪ್‌ನ ನೆನಪುಗಳು ತೆರೆದುಕೊಳ್ಳುವ ಭಾಗದಲ್ಲಿ ಅಲನ್ ರಿಕ್‌ಮನ್ ಅವರ ಅಭಿನಯಕ್ಕೆ ಹೆಸರಿಡುವಂತಿಲ್ಲ. ನನ್ನ ಅಸಮಾಧಾನವಿರುವುದು ಅದಾದ ಮೇಲಿನ ಅರ್ಧ ಗಂಟೆಯ ಬಗ್ಗೆ, ಅಂದರೆ ಏಳು ಪುಸ್ತಕಗಳ ಉದ್ದಕ್ಕೂ ಓದುಗರು ಕಾದು ಕುಳಿತಿದ್ದ ಆ ಭಾಗದ ಬಗ್ಗೆಯೇ.

ಕಾದಂಬರಿಯಲ್ಲಿ ಹ್ಯಾರಿ ಮತ್ತು ಅವನ ವೈರಿ ವೋಲ್ಡೆಮೊರ್ಟ್ ಕೊನೆಯ ಬಾರಿ ಎದುರುಬದುರಾಗುವುದು ಹಾಗ್ವರ್ಟ್ಸ್ ಶಾಲೆಯ ದೊಡ್ಡ ಸಭಾಂಗಣದಲ್ಲಿ. ಬದುಕುಳಿದ ಗುರುಗಳು, ವಿದ್ಯಾರ್ಥಿಗಳು, ಅವರ ತಂದೆತಾಯಿಯರು, ಶತ್ರುಪಕ್ಷದವರು ಎಲ್ಲರೂ ಗೋಡೆಗೆ ಒತ್ತಿ ನಿಂತು ನೋಡುತ್ತಿದ್ದಾರೆ. ನೆರವಿಗೆ ಯಾರೂ ಬರಕೂಡದೆಂದು ಹ್ಯಾರಿಯೇ ತಡೆದಿದ್ದಾನೆ. ಇಬ್ಬರೂ ಸುತ್ತುಹಾಕುತ್ತ ಬಹಳ ಹೊತ್ತು ಮಾತನಾಡುತ್ತಾರೆ. ಲೋಕವೆಲ್ಲ ಹೆಸರೆತ್ತಲೂ ಹೆದರುವ ಆ ಮಾಂತ್ರಿಕನನ್ನು ಹ್ಯಾರಿ ಅವನ ಹುಟ್ಟುಹೆಸರಾದ ಟಾಮ್ ರಿಡಲ್ ಎಂಬುದರಿಂದಲೇ ಕರೆಯುತ್ತಾನೆ. ದ್ರೋಹಿಯೆನಿಸಿಕೊಂಡಿದ್ದ ಸ್ನೇಪ್ ಕಡೆಯವರೆಗೂ ಶಾಲೆಯ ಹಿಂದಿನ ಮುಖ್ಯೋಪಾಧ್ಯಾಯ ಡಂಬಲ್‌ಡೋರ್‌ನ ಕಡೆಯವನೇ ಆಗಿದ್ದನೆಂದೂ, ಎಲ್ಡರ್ ವ್ಯಾಂಡ್ ಎಂಬ ಮಂತ್ರದಂಡವು ಸ್ನೇಪ್‌ಗೆ ಎಂದೂ ಸೇರಿದ್ದಲ್ಲವೆಂದೂ, ಡಂಬಲ್‌ಡೋರ್‌ನ ಕೈಯಿಂದ ದಂಡವನ್ನು ಬೀಳಿಸಿದ ಸಹಪಾಠಿ ಡ್ರೇಕೋ ಮಾಲ್ಫಾಯ್ ಅದರ ಒಡೆಯನಾದನೆಂದೂ, ಡ್ರೇಕೋನನ್ನು ತಾನು ಸೋಲಿಸಿದ್ದರಿಂದ ಆ ಒಡೆತನ ಈಗ ತನ್ನದೆಂದೂ ಎಲ್ಲರ ಕಿವಿಗೆ ಬೀಳುವಂತೆ ಬಿಡಿಸಿ ಹೇಳುತ್ತಾನೆ. ಇಷ್ಟೆಲ್ಲದರ ನಡುವೆ ಅವನು ವೈರಿಗೆ ಒಂದು ಅವಕಾಶವನ್ನೂ ಕೊಡುತ್ತಾನೆ: ಮಾಡಿದ್ದಕ್ಕೆ ಸ್ವಲ್ಪವಾದರೂ ಪಶ್ಚಾತ್ತಾಪಪಡು ಎನ್ನುತ್ತಾನೆ. ಅಷ್ಟೂ ಪುಸ್ತಕದಲ್ಲಿ ವೋಲ್ಡೆಮೊರ್ಟ್‌ಗೆ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದಿಲ್ಲ. ಮಂತ್ರಗಳು ಡಿಕ್ಕಿ ಹೊಡೆಯುವುದು ಆಮೇಲೆ, ಸೂರ್ಯನ ಮೊದಲ ಕಿರಣ ಸಭಾಂಗಣಕ್ಕೆ ಬೀಳುವ ಹೊತ್ತಿಗೆ, ಒಂದೇ ಒಂದು ಸಲ.

ಚಿತ್ರದಲ್ಲಿ ಆಗಿರುವುದನ್ನು ನೋಡಿ. ಇಬ್ಬರೂ ಗೋಪುರದ ಮೇಲಿಂದ ತಬ್ಬಿಕೊಂಡೇ ಧುಮುಕುತ್ತಾರೆ, ಕಪ್ಪು ಹೊಗೆಯಾಗಿ ಕೋಟೆಯ ಸುತ್ತ ಹಾರಾಡುತ್ತಾರೆ, ಕೊನೆಗೆ ಯಾರೂ ಇಲ್ಲದ ಅಂಗಳದಲ್ಲಿ ಬಿದ್ದು, ಬೆಳಕಿನ ಗೆರೆಗಳನ್ನು ಒಬ್ಬರ ಮೇಲೊಬ್ಬರು ಎಸೆದುಕೊಳ್ಳುತ್ತಾರೆ. ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಸರಣಿಯಲ್ಲಿ ಪೂರ್ತಿಯಾಗಿ ತ್ರೀಡಿಯಲ್ಲಿ ಬಿಡುಗಡೆಯಾದ ಮೊದಲ ಚಿತ್ರ ಇದಾಗಿತ್ತು. ಈ ಹಾರಾಟವೆಲ್ಲ ಆ ಕನ್ನಡಕದ ಸಲುವಾಗಿಯೇ ಇರಬೇಕೆಂಬ ಅನುಮಾನ ನನಗೆ ಇಂದಿಗೂ ಹೋಗಿಲ್ಲ. ದಂಡದ ಒಡೆತನದ ವಿಚಾರವನ್ನು ಹ್ಯಾರಿ ಎಲ್ಲ ಮುಗಿದ ಮೇಲೆ ಸೇತುವೆಯ ಮೇಲೆ ನಿಂತು ಗೆಳೆಯರಾದ ರಾನ್ ಮತ್ತು ಹರ್ಮೈನಿಗೆ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸುತ್ತಾನೆ. ಸತ್ಯ ಗೊತ್ತಾಗಬೇಕಾಗಿದ್ದವನು ಅಷ್ಟರಲ್ಲಿ ಸತ್ತು ಹೋಗಿದ್ದಾನೆ. ಸ್ನೇಪ್‌ನ ಹೆಸರಿಗೆ ಅಂಟಿದ ಕಳಂಕವಂತೂ ಆ ಶಾಲೆಯ ಜನರೆದುರು ತೊಳೆದುಹೋಗುವುದೇ ಇಲ್ಲ.

ಈ ಕೊರತೆ ನಮ್ಮ ಸೀಮೆಯವರಿಗೆ ಬೇಗ ಕಣ್ಣಿಗೆ ಬೀಳಬೇಕು. ಸುಗ್ಗಿ ಮುಗಿದ ಮೇಲೆ ಸಿರುಗುಪ್ಪದ ಕಡೆಯ ಹಳ್ಳಿಗಳಲ್ಲಿ ಬೆಳತನಕ ನಡೆಯುವ ದೊಡ್ಡಾಟವನ್ನು ನೋಡಿದವರಿಗೆ, ಭೀಮ ಮತ್ತು ದುರ್ಯೋಧನರು ಗದೆ ಎತ್ತುವ ಮೊದಲು ಎಷ್ಟು ಹೊತ್ತು ಒಬ್ಬರನ್ನೊಬ್ಬರು ಮೂದಲಿಸುತ್ತಾರೆಂಬುದು ಗೊತ್ತಿರುತ್ತದೆ. ಅರಗಿನ ಮನೆ, ಜೂಜು, ದ್ರೌಪದಿಯ ಸೀರೆ ಎಲ್ಲವೂ ಒಂದೊಂದಾಗಿ ಲೆಕ್ಕಕ್ಕೆ ಬರುತ್ತವೆ. ಚಾಪೆ ಹಾಸಿಕೊಂಡು ಕುಳಿತ ಜನ ಸಿಳ್ಳೆ ಹೊಡೆಯುವುದು ಆ ಮಾತುಗಳಿಗೇ, ಹೊಡೆದಾಟವೆಂಬುದು ಎರಡು ಸುತ್ತು ಕುಣಿತದಲ್ಲಿ ಮುಗಿದುಹೋಗುತ್ತದೆ. ರನ್ನನ ‘ಗದಾಯುದ್ಧ’ದಲ್ಲಿ ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನ ನೀರಿನೊಳಗಿದ್ದೂ ಬೆವರಿದ್ದು ಭೀಮನ ಮಾತಿಗೆ. ಊರ ಜನರೆದುರು ನ್ಯಾಯ ಒಪ್ಪಿಸದೆ ವೈರಿಯನ್ನು ಮುಗಿಸಿದರೆ ಅದನ್ನು ಕಾಳಗವೆಂದು ನಮ್ಮಲ್ಲಿ ಯಾರೂ ಕರೆಯುವುದಿಲ್ಲ. ಇಂಗ್ಲೆಂಡಿನ ಕಾದಂಬರಿಕಾರ್ತಿ ಇದನ್ನು ತನ್ನದೇ ದಾರಿಯಲ್ಲಿ ಕಂಡುಕೊಂಡಿದ್ದರು. ಚಿತ್ರಕಥೆ ಬರೆದ ಸ್ಟೀವ್ ಕ್ಲೋವ್ಸ್ ಅವರಿಗೆ ಅದು ಬೇಡವಾದದ್ದು ಏಕೆಂದು ತಿಳಿಯುವುದಿಲ್ಲ.

ವೋಲ್ಡೆಮೊರ್ಟ್‌ನ ಸಾವಿನ ವಿಷಯಕ್ಕೂ ಇದೇ ಮಾತು. ಪುಸ್ತಕದಲ್ಲಿ ಅವನು ಎಲ್ಲ ಮನುಷ್ಯರಂತೆ ನೆಲಕ್ಕೆ ಬೀಳುತ್ತಾನೆ, ಅವನದೊಂದು ಬಡಕಲು ಹೆಣ ಉಳಿಯುತ್ತದೆ, ಅದನ್ನು ಸಭಾಂಗಣದ ಪಕ್ಕದ ಕೋಣೆಗೆ ಒಯ್ದು, ಅವನ ವಿರುದ್ಧ ಹೋರಾಡಿ ಮಡಿದ ಫ್ರೆಡ್, ಟಾಂಕ್ಸ್, ಲೂಪಿನ್, ಕಾಲಿನ್ ಕ್ರೀವಿ ಮತ್ತಿತರ 50 ಜನರ ಶವಗಳಿಂದ ದೂರವಾಗಿ ಇಡುತ್ತಾರೆ. ಸಾವನ್ನು ಗೆಲ್ಲಲೆಂದು ತನ್ನ ಆತ್ಮವನ್ನೇ ತುಂಡು ತುಂಡು ಮಾಡಿ ಅಡಗಿಸಿಟ್ಟವನು ಕೊನೆಗೆ ಹೂಳಬೇಕಾದ ಒಂದು ದೇಹವಾಗಿ ಉಳಿಯುವುದೇ ಅವನಿಗಾದ ಶಿಕ್ಷೆ. ಚಿತ್ರದಲ್ಲಿ ಅವನು ಸುಟ್ಟ ಕಾಗದದ ಚೂರುಗಳಂತೆ ಗಾಳಿಯಲ್ಲಿ ಹಾರಿಹೋಗುತ್ತಾನೆ. ನೋಡಲು ಅಂದವಾಗಿದೆ, ನಿಜ. ಆದರೆ ಅಸಾಮಾನ್ಯನಾಗಬೇಕೆಂದು ಹಂಬಲಿಸಿದವನಿಗೆ ಅಸಾಮಾನ್ಯ ಸಾವನ್ನೇ ಕೊಟ್ಟು ಕಳಿಸಿದಂತಾಯಿತು! ಹೆಣವನ್ನು ಕಣ್ಣಾರೆ ಕಾಣದ ಆ ಜನ, ಒಮ್ಮೆ ಸತ್ತನೆಂದುಕೊಂಡವನು ಹದಿಮೂರು ವರ್ಷಗಳ ನಂತರ ಎದ್ದು ಬಂದದ್ದನ್ನು ಕಂಡ ಜನ, ಈ ಬಾರಿ ಅವನು ಸತ್ತನೆಂದು ಹೇಗೆ ನಂಬಬೇಕು?

ಕಳೆದ ಬೇಸಿಗೆ ರಜೆಯಲ್ಲಿ ಟೀವಿಯಲ್ಲಿ ಚಿತ್ರ ನೋಡಿ ಬಂದ ಒಂಬತ್ತನೆಯ ತರಗತಿಯ ಹುಡುಗನೊಬ್ಬ, ಶಾಲೆ ತೆರೆದ ಮೇಲೆ ಗ್ರಂಥಾಲಯದಲ್ಲಿ ನನ್ನ ಮೇಜಿನ ಮುಂದೆ ನಿಂತು, “ಮೇಡಂ, ಹ್ಯಾರಿಯ ಹಳೇ ಕೋಲು ಮುರಿದಿತ್ತಲ್ರೀ, ಅದೇನಾತು?” ಎಂದು ಕೇಳಿದ. ಪುಸ್ತಕ ಓದದ ಹುಡುಗನಿಗೂ ಹೊಳೆದ ಪ್ರಶ್ನೆ ಅದು. ಮೊದಲ ಭಾಗದಲ್ಲಿ ಮುರಿದ ಆ ದಂಡದ ತುಂಡುಗಳನ್ನು ತೋರಿಸಿ, ಆಮೇಲೆ ಚಿತ್ರ ಅದನ್ನು ಮರೆತೇ ಬಿಟ್ಟಿದೆ. ನಾನು ಕಪಾಟಿನಿಂದ ಪುಸ್ತಕ ತೆಗೆದು ಅವನಿಗೆ ಆ ಪುಟವನ್ನೇ ತೋರಿಸಿದೆ: ಹ್ಯಾರಿ ಎಲ್ಡರ್ ವ್ಯಾಂಡ್‌ನಿಂದ ಮಾಡಿಕೊಳ್ಳುವ ಕೆಲಸ ಒಂದೇ, ತನ್ನ ಹನ್ನೊಂದನೆಯ ವಯಸ್ಸಿನಿಂದ ಜೊತೆಗಿದ್ದ ಆ ಹಳೆಯ ದಂಡವನ್ನು ಮತ್ತೆ ಕೂಡಿಸುವುದು. ಅನಂತರ ಲೋಕದ ಅತಿ ಬಲಶಾಲಿ ಆಯುಧವನ್ನು ಡಂಬಲ್‌ಡೋರ್‌ನ ಸಮಾಧಿಗೇ ಹಿಂತಿರುಗಿಸುವುದಾಗಿ ಹೇಳುತ್ತಾನೆ. ಚಿತ್ರದ ಹ್ಯಾರಿ ಅದನ್ನು ಎರಡು ತುಂಡು ಮಾಡಿ ಸೇತುವೆಯಿಂದಾಚೆ ಬೀಸಾಡುತ್ತಾನೆ. ಅವನ ಕೈಯಲ್ಲಿ ಉಳಿಯುವುದು ಏನೂ ಇಲ್ಲ. ಹುಡುಗ ನಿಂತಲ್ಲೇ ಎರಡು ಪುಟ ಓದಿ, ಪುಸ್ತಕವನ್ನು ತನ್ನ ಹೆಸರಿಗೆ ಬರೆಸಿಕೊಂಡು ಹೋದ.

ಚಿತ್ರಕ್ಕೆ ಸಮಯ ಸಾಲಲಿಲ್ಲ ಎಂದು ವಾದಿಸುವವರಿದ್ದಾರೆ. ಎರಡನೆಯ ಭಾಗದ ಅವಧಿ 130 ನಿಮಿಷ. ಎಂಟು ಚಿತ್ರಗಳಲ್ಲಿ ಅದೇ ಅತಿ ಚಿಕ್ಕದು. ಒಂದೇ ಕಾದಂಬರಿಯನ್ನು ಎರಡು ಚಿತ್ರಗಳಾಗಿ ಸೀಳಿ, ಎರಡು ಸಲ ಟಿಕೆಟ್ ಮಾರಿದ ಮೇಲೂ ಸಮಯವಿಲ್ಲವೆಂದರೆ ಯಾರು ಕೇಳುತ್ತಾರೆ? ಇನ್ನೊಂದು ಹದಿನೈದು ನಿಮಿಷವಿದ್ದಿದ್ದರೆ, ಮನೆಯವರನ್ನು ಬಿಟ್ಟುಹೋಗಿದ್ದ ರಾನ್‌ನ ಅಣ್ಣ ಪರ್ಸಿ ಮರಳಿ ಬಂದು ಕ್ಷಮೆ ಕೇಳುವುದನ್ನೂ, ಅವನಾಡಿದ ನಗೆಮಾತಿಗೆ ನಗುತ್ತಿರುವಾಗಲೇ ತಮ್ಮ ಫ್ರೆಡ್ ಸಾಯುವುದನ್ನೂ ತೋರಿಸಬಹುದಿತ್ತು. ಚಿತ್ರದಲ್ಲಿ ಫ್ರೆಡ್‌ನ ಹೆಣವನ್ನಷ್ಟೇ ಕಾಣುತ್ತೇವೆ. ಹಾಗ್ವರ್ಟ್ಸ್‌ನ ಅಡುಗೆಮನೆಯಲ್ಲಿ ದುಡಿಯುವ ಎಲ್ಫ್ ಎಂಬ ಪುಟ್ಟ ಜೀವಿಗಳನ್ನು ಅವರಲ್ಲೊಬ್ಬನಾದ ಕ್ರೀಚರ್ ಚಾಕು-ಚೂರಿಗಳ ಸಮೇತ ಯುದ್ಧಕ್ಕೆ ಕರೆತರುವ ದೃಶ್ಯವೂ ಇಲ್ಲ. ಕಾಡಿನಲ್ಲಿ ಹ್ಯಾರಿ ಸತ್ತ ಲೂಪಿನ್‌ನ ಛಾಯೆಗೆ ಅವನ ಮಗನ ವಿಷಯ ಹೇಳುವಾಗ, ಪುಸ್ತಕ ಓದಿರದ ಪ್ರೇಕ್ಷಕರು ಯಾವ ಮಗ ಎಂದು ಅಕ್ಕಪಕ್ಕದವರನ್ನು ಕೇಳುವಂತಾಗುತ್ತದೆ.

ಕೊನೆಯ ಎರಡು ಚಿತ್ರಗಳ ನಿರ್ಮಾಪಕರಲ್ಲಿ ರೌಲಿಂಗ್ ಅವರೂ ಒಬ್ಬರೆಂದು, ಲೇಖಕಿಗಿಲ್ಲದ ತಕರಾರು ನಿಮಗೇಕೆಂದು ಕೇಳಬಹುದು. ಬರೆದವರು ತಮ್ಮ ಕೃತಿಯ ವಿಷಯದಲ್ಲಿ ಉದಾರಿಗಳಾಗಬಹುದು, ಓದಿದವರು ಆಗಬೇಕೆಂದಿಲ್ಲ. ಚಿತ್ರ ಜಗತ್ತಿನಾದ್ಯಂತ 130 ಕೋಟಿ ಡಾಲರಿಗೂ ಹೆಚ್ಚು ಗಳಿಸಿತೆಂಬುದು ಗಲ್ಲಾಪೆಟ್ಟಿಗೆಯ ಮಾತು. ಕಥೆ ಹೇಗೆ ಮುಗಿಯುತ್ತದೆಂದು ನೋಡಲು ಎಲ್ಲರೂ ಹೋದೆವು, ನಾನೂ ಹೋಗಿದ್ದೆ.

ಏಳೂ ಕಾದಂಬರಿಗಳನ್ನು ಹೊಸದಾಗಿ ಧಾರಾವಾಹಿಯಾಗಿ ತೆಗೆಯುವುದಾಗಿ ಎಚ್‌ಬಿಒ ಸಂಸ್ಥೆ 2023ರ ಏಪ್ರಿಲ್‌ನಲ್ಲಿ ಘೋಷಿಸಿದೆ. ಅದು ಏಳನೆಯ ಪುಸ್ತಕವನ್ನು ಮುಟ್ಟುವ ಹೊತ್ತಿಗೆ ಇಂದು ನನ್ನ ಗ್ರಂಥಾಲಯಕ್ಕೆ ಬರುವ ಮಕ್ಕಳು ಕಾಲೇಜು ಮುಗಿಸಿರುತ್ತಾರೆ. ಅಷ್ಟರೊಳಗೆ ತಮ್ಮ ಸಿನಿಮಾ ಪುಟದಲ್ಲಿ ಈ ಸರಣಿಯ ಬಗ್ಗೆ ಮತ್ತೆ ಬರೆಸುವುದಾದರೆ, ಪುಸ್ತಕವನ್ನೂ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ನೋಡಿದವರಿಂದ ಬರೆಸಬೇಕೆಂದು, ‘ನಿಷ್ಠ’ ಎಂಬ ಹೊಗಳಿಕೆಯನ್ನು ಕೊಡುವ ಮುನ್ನ ಕನಿಷ್ಠಪಕ್ಷ ಕಡೆಯ ಎರಡು ಅಧ್ಯಾಯಗಳನ್ನಾದರೂ ಓದಿಸಬೇಕೆಂದು ಕೋರುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಒಬ್ಬ ಗ್ರಂಥಪಾಲಕಿ
ಗಾಂಧಿನಗರ, ಬಳ್ಳಾರಿ