ಬಳೆ ಕೌಂಟರ್‌ನಿಂದ ಒಂದು ಪತ್ರ: ಹೀಲ್ಸ್ ಒಂದಿಂಚಿಗೆ ಇಳಿಯಲಿ

ಮಾನ್ಯ ಸಂಪಾದಕರಿಗೆ,

ನಿಮ್ಮ ವಾರದ ಪುರವಣಿಯಲ್ಲಿ ಮದುವೆಗೆ ಯಾವ ಸೀರೆಗೆ ಎಂಥ ಹೀಲ್ಸ್ ಹಾಕಬೇಕು ಅಂತ ಚೆಂದದ ಫೋಟೋ ಸಹಿತ ಬರೆದಿದ್ದಿರಿ. ಎರಡು ಗಂಟೆ ಹಾಕಿ ತೆಗೆಯುವವರಿಗೆ ಅದು ಸರಿ. ಮದುವೆ ಹಾಲ್‌ನಲ್ಲಿ ಊಟದ ಹೊತ್ತಿಗೆ ಬ್ಯಾಗಿನಿಂದ ಹವಾಯಿ ಚಪ್ಪಲಿ ತೆಗೆಯುವ ಆಂಟಿಯರನ್ನು ನಾನೂ ನೋಡಿದ್ದೇನೆ. ನಮಗೆ ಹಾಗೆ ತೆಗೆಯಲಿಕ್ಕಿಲ್ಲ. ದಿನಕ್ಕೆ ಹತ್ತು ಗಂಟೆ ಹಾಕಿ ನಿಲ್ಲುವವರ ಬಗ್ಗೆ ಯಾರೂ ಬರೆದದ್ದು ಕಾಣಲಿಲ್ಲ, ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ನಾನು ಮಂಗಳೂರಿನ ಒಂದು ಚಿನ್ನದ ಮಳಿಗೆಯಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಬಳೆ ಕೌಂಟರ್. ಬೆಳಿಗ್ಗೆ ಒಂಬತ್ತೂವರೆಗೆ ನಿಂತರೆ ರಾತ್ರಿ ಎಂಟು. ಯೂನಿಫಾರ್ಮ್ ಸೀರೆ, ಕಪ್ಪು ಹೀಲ್ಸ್. ಹೀಲ್ಸ್ ಕಡಿಮೆಯೆಂದರೆ ಎರಡೂವರೆ ಇಂಚು ಇರಲೇಬೇಕು. ನೆಲಕ್ಕೆ ಗ್ರಾನೈಟ್.

ಕೌಂಟರ್ ಹಿಂದೆ ಯಾರು ನೋಡ್ತಾರೆ, ತೆಗೆದಿಟ್ಟು ಬರಿಗಾಲಲ್ಲಿ ನಿಲ್ಲಬಹುದಲ್ವಾ ಅಂತ ನೀವು ಕೇಳಬಹುದು. ಸೀರೆ ಉಟ್ಟವರು ಹಾಗೆ ಕೇಳುವುದಿಲ್ಲ. ಹೀಲ್ಸ್ ಹಾಕಿಕೊಂಡೇ ನೆರಿಗೆ ಹಿಡಿಯುವುದು. ತೆಗೆದ ಕೂಡಲೇ ಅದೇ ಎರಡೂವರೆ ಇಂಚು ಸೀರೆ ನೆಲ ಗುಡಿಸಲು ಶುರು ಮಾಡುತ್ತದೆ. ನಮ್ಮ ಸೂಪರ್‌ವೈಸರ್ ಕಾಲು ನೋಡುವುದೇ ಇಲ್ಲ, ಸೀರೆಯ ಅಂಚು ನೋಡುತ್ತಾರೆ. ಅಂಚಿಗೆ ಧೂಳು ಹಿಡಿದಿದ್ದರೆ ಸಿಕ್ಕಿಬಿದ್ದ ಹಾಗೆ.

ಕಳೆದ ಅಕ್ಷಯ ತೃತೀಯದ ದಿನ ಬೆಳಿಗ್ಗೆ ಏಳಕ್ಕೇ ಬಾಗಿಲು ತೆರೆದಿದ್ದೆವು. ಸಂಜೆ ನಾಲ್ಕರ ಹೊತ್ತಿಗೆ ನನ್ನ ಕಿರುಬೆರಳು ಉಂಟೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ವಯಸ್ಸಾದ ಅಮ್ಮ ಒಬ್ಬರು ಕೆಳಗಿನ ಟ್ರೇ ತೋರಿಸಿ ಅಂದರು. ಬಗ್ಗಿದೆ, ಕೂತೆ, ಏಳಲಿಕ್ಕೆ ಆಗಲಿಲ್ಲ. ಮೀನಖಂಡ ಕಲ್ಲಿನ ಹಾಗೆ ಹಿಡಿದಿತ್ತು. ಬಳೆಯ ಟ್ರೇ ಒಂದು ಕೈಯಲ್ಲಿ, ಇನ್ನೊಂದು ಕೈ ಗಾಜಿನ ಮೇಲೆ. ಆ ಅಮ್ಮನೇ ಕೌಂಟರ್ ಮೇಲಿಂದ ಬಾಗಿ ನನ್ನ ಕೈ ಹಿಡಿದು ಎಬ್ಬಿಸಿದರು. ಹೋಗುವಾಗ, "ಚಿನ್ನ ಮಾರ್ಲಿಕ್ಕೆ ಈ ಮೆಟ್ಟು ಎಂತಕ್ಕೆ ಮಗಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಮರುದಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನ ಹತ್ತಿರ ಕೂರುವ ಚಪ್ಪಲಿ ರಿಪೇರಿಯವರ ಬಳಿ ಹೋದೆ. ಹೀಲ್ಸ್‌ನ ತುದಿಯ ರಬ್ಬರ್ ಸವೆದು ಒಳಗಿನ ಮೊಳೆ ಕಾಣುತ್ತಿತ್ತು, ಅದನ್ನು ಬದಲಿಸುವುದಷ್ಟೇ ನನ್ನ ಲೆಕ್ಕ. ಅವರು ಚಪ್ಪಲಿಯ ಒಳಗೆ ಬೆರಳು ಹಾಕಿ ನೋಡಿ, "ಅಕ್ಕಾ, ಕಾಲು ಮುಂದೆ ಜಾರ್ತಾ ಉಂಟು. ಹಿಂದೆ ಇಷ್ಟು ಜಾಗ ಖಾಲಿ, ಮುಂದೆ ಬೆರಳು ಜಜ್ಜಿ ಹೋಗ್ತದೆ" ಅಂದರು. ನಾನು ಇಷ್ಟು ವರ್ಷ ಬಿಗಿ ಆಗ್ತದೆ ಅಂತ ಒಂದು ನಂಬರ್ ದೊಡ್ಡದೇ ತೆಗೆದುಕೊಳ್ಳುತ್ತಿದ್ದೆ. ದೊಡ್ಡದಾದಷ್ಟೂ ಜಾರುವುದು ಜಾಸ್ತಿ ಅನ್ನುವುದು ಅವತ್ತು ಗೊತ್ತಾಯಿತು. ಹಿಮ್ಮಡಿ ಎತ್ತರ ಆದಷ್ಟೂ ಮೈಭಾರ ಬೆರಳ ಬುಡಕ್ಕೆ ಬೀಳುತ್ತದೆ. ಆ ಜಾಗಕ್ಕೆ ಅವರು ಸಕ್ಕರೆ ಕಾಯಿಲೆಯವರ ಚಪ್ಪಲಿಗೆ ಬಳಸುವ ಎಂಸಿಆರ್ ರಬ್ಬರನ್ನು ತೆಳುವಾಗಿ ಕತ್ತರಿಸಿ ಅಂಟಿಸಿದರು. ಹರಡಿಗೆ ಒಂದು ಬೆಲ್ಟನ್ನೂ ಹೊಲಿದುಕೊಟ್ಟರು. ಎಲ್ಲ ಸೇರಿ 120 ರೂಪಾಯಿ. ಗುಳ್ಳೆ ಏಳುವುದು ನಿಂತಿತು. ಇದನ್ನು ಮೊದಲ ವರ್ಷವೇ ಯಾರಾದರೂ ಹೇಳಿದ್ದರೆ ನನ್ನ ಕಿರುಬೆರಳಿನ ಆಣಿ ಇರುತ್ತಿರಲಿಲ್ಲ.

ಆಮೇಲೆ ನಾನೇ ಕಲಿತದ್ದು ಸ್ವಲ್ಪ ಉಂಟು. ಚಪ್ಪಲಿಯನ್ನು ಸಂಜೆ ಹೊತ್ತಿಗೇ ಖರೀದಿಸಬೇಕು, ದಿನವಿಡೀ ನಿಂತ ಕಾಲು ಆಗ ಊದಿರುತ್ತದೆ. ಬೆಳಿಗ್ಗೆ ಸರಿಯಾದದ್ದು ಸಂಜೆ ಕಚ್ಚುತ್ತದೆ. ಪೆನ್ಸಿಲಿನಂಥ ಹೀಲ್ಸ್ ಬೇಡವೇ ಬೇಡ, ದಪ್ಪ ಕಟ್ಟೆಯಂಥದ್ದು ತೆಗೆದುಕೊಳ್ಳಿ. ಮಳೆಗಾಲದಲ್ಲಿ ನಮ್ಮ ಫುಟ್‌ಪಾತಿನ ಇಂಟರ್‌ಲಾಕ್ ಸಂದಿಗೆ ಪೆನ್ಸಿಲ್ ಹೀಲ್ಸ್ ಸಿಕ್ಕಿಕೊಂಡರೆ ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ನೆರಿಗೆ, ಬಿಡಿಸಲಿಕ್ಕೆ ಮೂರನೇ ಕೈ ಎಲ್ಲಿಂದ ತರುವುದು? ಇನ್ನೊಂದು ಉಪಾಯ ನಮ್ಮ ಕೌಂಟರಿನ ಹುಡುಗಿಯರಿಗೆಲ್ಲ ಹೇಳಿದ್ದೇನೆ. ಮುಂಭಾಗದ ಅಟ್ಟೆಯೂ ಒಂದಿಂಚು ದಪ್ಪ ಇರುವ ಹೀಲ್ಸ್ ತೆಗೆದುಕೊಂಡರೆ ಸ್ಕೇಲ್ ಹಿಡಿದು ಅಳೆಯುವವರಿಗೆ ಅದು ಎರಡೂವರೆ ಇಂಚೇ, ಕಾಲಿಗೆ ಮಾತ್ರ ಒಂದೂವರೆ. ರಾತ್ರಿ ಮನೆಯ ಮೆಟ್ಟಿಲ ಅಂಚಿನಲ್ಲಿ ಬೆರಳೂರಿ ನಿಂತು ಹಿಮ್ಮಡಿಯನ್ನು ಮೆಲ್ಲ ಕೆಳಗೆ ಬಿಡುತ್ತೇನೆ. ದಿನವಿಡೀ ಮುದುಡಿ ನಿಂತ ಮೀನಖಂಡ ಎಳೆದುಕೊಳ್ಳುವುದು ಗೊತ್ತಾಗುತ್ತದೆ. ಅಮ್ಮ ಮಾತ್ರ ಬಿಸಿ ಉಪ್ಪುನೀರು ಬಿಟ್ಟರೆ ಬೇರೆ ಯಾವುದನ್ನೂ ನಂಬುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಮಧ್ಯಾಹ್ನ ಮೂರರ ನಂತರ ನೋವು ಬಂದೇ ಬರುತ್ತದೆ, ಸಂಪಾದಕರೇ. ಗ್ರಾನೈಟಿನ ಮೇಲೆ ಹತ್ತು ಗಂಟೆ ನಿಂತರೆ ರಬ್ಬರ್ ತುಂಡು ಎಷ್ಟಂತ ತಡೆಯುತ್ತದೆ? ಅದು ಮಾಲೀಕರ ಕೈಯಲ್ಲಿರುವ ವಿಷಯ.

ನನ್ನ ಜೊತೆ ಕೆಲಸ ಮಾಡುವವಳೊಬ್ಬಳು ಮಂಜೇಶ್ವರದಿಂದ ಬರುತ್ತಾಳೆ. ಅವಳ ಅಕ್ಕ ಕಾಸರಗೋಡಿನ ಬಟ್ಟೆ ಅಂಗಡಿಯಲ್ಲಿದ್ದಾಳೆ, ಗಿರಾಕಿ ಇಲ್ಲದಾಗ ಸ್ಟೂಲ್ ಎಳೆದು ಕೂರುತ್ತಾಳೆ. ಕೇರಳ 2018ರಲ್ಲೇ ಅಂಗಡಿ ಕೆಲಸದವರಿಗೆ ಕೂರುವ ಹಕ್ಕನ್ನು ಕಾನೂನಿಗೆ ಸೇರಿಸಿತು. ಅದಕ್ಕೆ ಹೋರಾಡಿದವರಲ್ಲಿ ಮುಂದಿದ್ದವರು ಕೋಯಿಕ್ಕೋಡಿನಲ್ಲಿ ಟೈಲರ್ ಆಗಿದ್ದ ವಿಜಿ. ತಮಿಳುನಾಡು 2021ರಲ್ಲಿ ಅದನ್ನೇ ಮಾಡಿತು. ಕೇರಳ ಗಡಿಯ ತಲಪಾಡಿ ಗೇಟಿನ ಆಚೆ ಅಕ್ಕ ಕೂರುತ್ತಾಳೆ, ಈಚೆ ತಂಗಿ ನಿಲ್ಲುತ್ತಾಳೆ. ಫಿಲಿಪ್ಪೀನ್ಸ್ ದೇಶದ ಕಾರ್ಮಿಕ ಇಲಾಖೆಯಂತೂ 2017ರಲ್ಲಿ, ನಿಂತು ಕೆಲಸ ಮಾಡುವ ಹೆಂಗಸರಿಗೆ ಎತ್ತರದ ಹೀಲ್ಸ್ ಕಡ್ಡಾಯ ಮಾಡಬಾರದು, ಒಂದಿಂಚಿನ ಒಳಗೇ ಇರಲಿ ಅಂತ ಆದೇಶ ಹೊರಡಿಸಿತು.

ಹೀಲ್ಸ್ ಹಾಕಿದರೆ ಅಂಗಡಿಗೆ ಗತ್ತು ಅನ್ನುವವರಿಗೆ ಒಂದು ಮಾತು. ಹಿಮ್ಮಡಿ ಎತ್ತರದ ಮೆಟ್ಟನ್ನು ಮೊದಲು ಹಾಕುತ್ತಿದ್ದದ್ದು ಪರ್ಷಿಯಾದ ಕುದುರೆ ಸವಾರರಂತೆ, ಜೀನಿನ ಪಕ್ಕ ಕಾಲಿಡುವ ರಿಕಾಪಿನಿಂದ ಕಾಲು ಜಾರದಿರಲಿ ಅಂತ. ಗಂಡಸರು! ನಮ್ಮ ಸೂಪರ್‌ವೈಸರ್‌ಗೆ ಇದನ್ನು ಹೇಳಬೇಕು ಅಂತ ತುಂಬ ಆಸೆ ಇದೆ, ಧೈರ್ಯ ಇಲ್ಲ.

ಮಾಲೀಕರಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಒಂದಿಂಚಿನ ದಪ್ಪ ಹೀಲ್ಸಿಗೆ ಒಪ್ಪಿಕೊಳ್ಳಿ. ಸೀರೆಯ ನೆರಿಗೆಯನ್ನು ಅಷ್ಟಕ್ಕೇ ಹೊಂದಿಸಿ ಉಡುತ್ತೇವೆ, ಗಿರಾಕಿಗೆ ಎಂಥದ್ದೂ ಗೊತ್ತಾಗುವುದಿಲ್ಲ. ಕೌಂಟರಿನ ಹಿಂದೆ ದಪ್ಪದೊಂದು ರಬ್ಬರ್ ಮ್ಯಾಟ್ ಹಾಸಿ. ಇಬ್ಬರಿಗೆ ಒಂದರಂತೆ ಸ್ಟೂಲ್ ಕೊಟ್ಟರೆ ಸರದಿಯಲ್ಲಿ ಕೂರುತ್ತೇವೆ. ದೀಪಾವಳಿ ರಶ್ ಶುರುವಾಗುವ ಮೊದಲು ಆದರೆ ಒಳ್ಳೆಯದಿತ್ತು.

ದಯವಿಟ್ಟು ನನ್ನ ಹೆಸರು ಹಾಕಬೇಡಿ. ನಮ್ಮ ಮಳಿಗೆಗೆ ನಿಮ್ಮ ಪತ್ರಿಕೆ ಬರುತ್ತದೆ, ಬೆಳಿಗ್ಗೆ ಮೊದಲು ಓದುವುದು ಸೂಪರ್‌ವೈಸರ್.

ಇಂತು,
ಬಳೆ ಕೌಂಟರಿನವಳು, ಮಂಗಳೂರು