ಮೂಗು ಕಟ್ಟಿರೋ ಗೆಳೆಯನಿಗೊಂದು ಪತ್ರ

ಲೋ ಮಗಾ,

ನಿನ್ನೆ ಫೋನಲ್ಲಿ ನಿನ್ ದನಿ ಕೇಳಿ ಯಾರೋ ಬಿಂದಿಗೆ ಒಳಗೆ ಕೂತು ಮಾತಾಡ್ತಿದಾರೆ ಅನ್ಕೊಂಡೆ ಕಣೋ. "ನಾನು" ಅನ್ನೋಕೆ "ದಾದು" ಅಂತಿದ್ದೆ. ನಗು ಬಂತು, ಆಮೇಲೆ ಮೂಗಿನ ಡ್ರಾಪ್ಸ್ ಮೂರು ವಾರದಿಂದ ಹಾಕ್ತಿದೀನಿ, ಹಾಕಿಲ್ಲ ಅಂದ್ರೆ ನಿದ್ದೆನೇ ಬರಲ್ಲ ಅಂದ್ಯಲ್ಲ, ಆಗ ನಗು ನಿಂತೋಯ್ತು. ಫೋನಲ್ಲಿ ಹೇಳಿದ್ರೆ ಹ್ಞೂಂ ಹ್ಞೂಂ ಅಂದು ಮರೀತೀಯ, ಅದಕ್ಕೇ ಎಲ್ಲರೆದುರಿಗೇ ಬರೀತಿದೀನಿ.

ಆ ಕ್ಸೈಲೋಮೆಟಾಜೋಲಿನ್ ಥರದ ಡ್ರಾಪ್ಸ್ 3ರಿಂದ 5 ದಿನಕ್ಕಷ್ಟೇ. ಮೂಗಿನೊಳಗಿನ ರಕ್ತನಾಳ ಕುಗ್ಗಿಸಿ ದಾರಿ ಬಿಡಿಸುತ್ತೆ, ದಿನಾ ಹಾಕ್ತಾ ಹೋದ್ರೆ ಪವರ್ ಇಳಿದಾಗ ಒಳಗೆ ಮೊದಲಿಗಿಂತ ಜಾಸ್ತಿ ಊದ್ಕೊಳುತ್ತೆ. ಅಂದ್ರೆ ಈಗ ನಿನ್ ಮೂಗು ಕಟ್ಟಿಸ್ತಿರೋದು ನೆಗಡಿನೋ ಆ ಬಾಟ್ಲಿನೋ ಯಾರಿಗ್ಗೊತ್ತು. ಇಎನ್‌ಟಿ ಡಾಕ್ಟ್ರಿಗೆ ತೋರಿಸಿ ಬಿಡಿಸ್ಕೋ.

ಹಬೆ ತಗೋತಿದೀನಿ ಅಂದೆ, ತಗೋ, ಹಿತ ಅನ್ಸುತ್ತೆ. ಆದ್ರೆ ಊಟಿಯಿಂದ ತಂದ ನೀಲಗಿರಿ ಎಣ್ಣೆ ಹಾಕಿದ ತಕ್ಷಣ ಮೂಗು ಬಿಟ್ಕೊಂಡ್ತು ಅನ್ಸೋದು ಅರ್ಧ ಮೋಸ. ಅಮೃತಾಂಜನದಲ್ಲಿರೋ ಮೆಂಥಾಲೂ ಅಷ್ಟೇ, ತಂಪು ಗೊತ್ತಾಗೋ ನರಗಳನ್ನ ಎಬ್ಬಿಸಿ ಗಾಳಿ ಓಡಾಡ್ತಿದೆ ಅಂತ ನಂಬಿಸುತ್ತೆ, ಒಳಗಿನ ಊತ ಇದ್ದಲ್ಲೇ ಇರುತ್ತೆ. ಮತ್ತೆ ಪಾತ್ರೆ ಮೇಜಿನ ಮೇಲಿಡು. ನಾನು ಮಂಚದ ಮೇಲೆ ಚಕ್ಕಂಬಕ್ಕಳ ಹಾಕ್ಕೊಂಡು, ಕಂಬಳಿ ಹೊದ್ದು ಕೂತಿದ್ದಾಗ ಬಂದ ಒಂದು ಸೀನಿಗೆ ಪಾತ್ರೆ ಮಗುಚಿ ತೊಡೆ ಬೊಬ್ಬೆ ಎದ್ದಿತ್ತು, ವಾರ ಪೂರ್ತಿ ಪಂಚೆ.

ನನಗೆ ನಿಜವಾಗ್ಲೂ ಕೆಲಸ ಮಾಡಿದ್ದು ಜಲನೇತಿ, ಅಂದ್ರೆ ಉಪ್ಪುನೀರಲ್ಲಿ ಮೂಗು ತೊಳೆಯೋದು. ಅರ್ಧ ಲೀಟರ್ ನೀರು ಚೆನ್ನಾಗಿ ಕುದಿಸಿ, ಉಗುರುಬೆಚ್ಚಗಾದ ಮೇಲೆ ಮುಕ್ಕಾಲು ಟೀ ಚಮಚ ಪುಡಿ ಉಪ್ಪು. ಉಪ್ಪು ಬಿಟ್ರೆ ಕೆರೆಲಿ ಮುಳುಗಿದಾಗ ಮೂಗಿಗೆ ನೀರು ಹೋಗಿ ನೆತ್ತಿಗೆ ಹತ್ತುತ್ತಲ್ಲ, ಅದೇ ಉರಿ. ಸಿಂಕ್ ಮೇಲೆ ಬಗ್ಗಿ, ತಲೆ ಒಂದ್ಕಡೆ ವಾಲಿಸಿ, ಬಾಯಲ್ಲಿ ಉಸಿರಾಡ್ತಾ ಮೇಲಿನ ಹೊಳ್ಳೆಗೆ ನಿಧಾನಕ್ಕೆ ಬಿಡು, ಕೆಳಗಿನದರಿಂದ ಇಳಿಯುತ್ತೆ. ಪೂರ್ತಿ ಕಟ್ಟಿದ್ರೆ ಇಳಿಯಲ್ಲ, ಬಲವಂತ ಮಾಡ್ಬೇಡ, ಮೊದಲು ಬಿಸಿ ಮೆಣಸಿನ ಸಾರು ಕುಡಿದು ಸ್ವಲ್ಪ ಸಡಿಲ ಆದ್ಮೇಲೆ ಮಾಡು. ಆಮೇಲೆ ಜೋರಾಗಿ ಸೀಂಟ್ಬೇಡ, ಕಿವಿಗೆ ಹೊಡೆಯುತ್ತೆ.

ಒಂದು ಅವಮಾನ ಕೇಳು. ನೇತಿ ಮಾಡ್ಕೊಂಡು ಅವಸರದಲ್ಲಿ ಮದುವೆಮನೆಗೆ ಹೋದೆ, ದೊಡ್ಡಪ್ಪನ ಕಾಲಿಗೆ ನಮಸ್ಕಾರ ಮಾಡೋಕೆ ಬಗ್ಗಿದ್ನೋ ಇಲ್ವೋ, ಮೂಗಿಂದ ಸರ್ರನೆ ನೀರು ಅವರ ಪಾದದ ಮೇಲೆ! ಪಾದಪೂಜೆನೇ ಮಾಡ್ಬಿಟ್ಯಲ್ಲೋ ಅಂದ್ರು. ಕೆನ್ನೆಮೂಳೆ ಒಳಗಿನ ಸೈನಸ್‌ಗೆ, ಅಂದ್ರೆ ಮೂಗಿಗೆ ತೆರೆದುಕೊಳ್ಳೋ ಟೊಳ್ಳು ಜಾಗಕ್ಕೆ, ಬಾಗಿಲು ಮೇಲ್ಗಡೆ ಇರುತ್ತೆ, ನಿಂತಿದ್ರೆ ನೀರು ಅಲ್ಲೇ ನಿಲ್ಲುತ್ತೆ, ಬಗ್ಗಿದಾಗ ಸುರಿಯುತ್ತೆ. ಕಫ ಅಷ್ಟು ದಿನ ಕೂರೋದೂ ಇದಕ್ಕೇ. ಹಾಗಾಗಿ ಮುಗಿದ್ಮೇಲೆ ನಾಲ್ಕು ಸಲ ಬಗ್ಗಿ ಎದ್ದು ಆಮೇಲೆ ಹೊರಗೆ ಹೊರಡು.

ನಲ್ಲಿ ನೀರು ಹಾಗೇ ಮಾತ್ರ ಬಳಸ್ಬೇಡ ಮಾರಾಯ. ಕೇರಳದಲ್ಲಿ ಮೆದುಳು ತಿನ್ನೋ ಅಮೀಬಾ ಅಂತ ಸುದ್ದಿ ಆಯ್ತಲ್ಲ, ಅದು ಮೆದುಳಿಗೆ ಹತ್ತೋದು ಮೂಗಿಂದಲೇ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಲ್ಲಿ ನೀರಲ್ಲಿ ನೇತಿ ಮಾಡಿ ಇಬ್ಬರು ಸತ್ತಿದ್ರು.

ನಮ್ಮಜ್ಜಿ ಅರಿಶಿನ ಕೊಂಬನ್ನ ದೀಪಕ್ಕೆ ಹಿಡಿದು ಆ ಹೊಗೆ ಎಳ್ಕೋ ಅನ್ನೋಳು, ಕೆಮ್ಮಿ ಕಣ್ಣಲ್ಲಿ ನೀರು ಬರೋದು, ಮೂಗೂ ಬಿಡೋದು, ಆದ್ರೆ ಊದಿರೋ ಮೂಗಿಗೆ ಹೊಗೆ ಯಾಕೆ, ನಾನಂತೂ ಬಿಟ್ಟೆ. ಬಟ್ಟೇಲಿ ಕಟ್ಟಿದ ಓಂಕಾಳಿನ ಗಂಟು ಮೂಸೋದು, ದೊಡ್ಡಪತ್ರೆ ಕಷಾಯ, ಇವೆಲ್ಲ ಓಕೆ, ಖುಷಿಗೆ. ರಾತ್ರಿ ಎರಡು ದಿಂಬು ಹಾಕ್ಕೋ. ಬಲಮಗ್ಗುಲಿಗೆ ಮಲಗಿದ್ರೆ ಬಲ ಹೊಳ್ಳೆನೇ ಕಟ್ಟುತ್ತೆ ಅಂತ ಹೆದರ್ತಿದ್ಯಲ್ಲ, ಅದು ಎಲ್ಲರಿಗೂ ಆಗುತ್ತೆ.

ಕಣ್ಣ ಸುತ್ತ ಊತ, ದೃಷ್ಟಿ ಮಂಜು, ಜೋರು ಜ್ವರ, ತಡ್ಕೊಳ್ಳಕ್ಕಾಗದ ತಲೆನೋವು ಬಂದ್ರೆ ಇದೆಲ್ಲ ಬಿಟ್ಟು ಅವತ್ತೇ ಆಸ್ಪತ್ರೆಗೆ ಓಡು. ಭಾನುವಾರ ಹುರುಳಿ ಸಾರು ಮಾಡಿಸ್ಕೊಂಡು ಬರ್ತೀನಿ, ಬಂದ ತಕ್ಷಣ ಆ ಡ್ರಾಪ್ಸ್ ಬಾಟ್ಲಿ ನನ್ ಕೈಗೆ ಕೊಡ್ಬೇಕು.

ನಿನ್ನ ಅದೇ ಹಳೇ ರೂಮ್‌ಮೇಟ್