ನಮ್ಮ ಕಷ್ಟದಲ್ಲಿ ಪಾಲುಗಾರರಾದವರಿಗೆ

ಪ್ರಿಯರೇ, ಕರ್ತನ ಹೆಸರಿನಲ್ಲಿ ವಂದನೆಗಳು.

ನಮ್ಮ ಮನೆಯವರಿಗೆ, ಇವರಿಗೆ, ಕಿಡ್ನಿ ಕಸಿ ಆಗಿ ಈ ವಾರಕ್ಕೆ ಒಂದು ವರ್ಷ ತುಂಬಿತು. ರಕ್ತ ಪರೀಕ್ಷೆಯಲ್ಲಿ, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ಸರಿಯಾಗಿದೆ ಎಂದು ಡಾಕ್ಟರು ಹೇಳಿದ್ದಾರೆ. ಮಾತ್ರೆಗಳು ಮಾತ್ರ ಜೀವನಪೂರ್ತಿ, ಅದೂ ಹೊತ್ತು ತಪ್ಪದ ಹಾಗೆ. ಅದೇನೂ ನಮಗೆ ಭಾರ ಅನ್ನಿಸುತ್ತಿಲ್ಲ.

"ದೇವರಿಗೆ ಸ್ತೋತ್ರ" ಎಂದು ಹೇಳಿ ಮುಗಿಸಬಹುದಿತ್ತು. ಸ್ತೋತ್ರ ಹೇಳಿದ್ದೇವೆ, ದಿನಾ ಹೇಳುತ್ತೇವೆ. ಆದರೆ ಬೈಬಲಿನಲ್ಲಿ ಸಭೆಗಳಿಗೆ ಪತ್ರ ಬರೆದ ಪೌಲನೂ ಅಷ್ಟಕ್ಕೇ ನಿಲ್ಲಿಸಲಿಲ್ಲವಲ್ಲ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 4:13 ಎಲ್ಲರಿಗೂ ಬಾಯಿಪಾಠ. ನನ್ನನ್ನು ಬಲಪಡಿಸುವಾತನಲ್ಲಿ ನಾನು ಎಲ್ಲಕ್ಕೂ ಶಕ್ತನು ಎನ್ನುವ ಮಾತು. ನಮ್ಮ ಮನೆಯ ಗೋಡೆಯ ಮೇಲೂ ಇದೆ. ಅದರ ಮುಂದಿನ ವಚನಕ್ಕೆ ಯಾರೂ ಫ್ರೇಮ್ ಹಾಕಿಸುವುದಿಲ್ಲ. ಆದರೂ ನನ್ನ ಸಂಕಟದಲ್ಲಿ ನೀವು ಪಾಲುಗಾರರಾದದ್ದು ಒಳ್ಳೇದಾಯಿತು ಎನ್ನುತ್ತಾನೆ ಅಲ್ಲಿ. ಸೆರೆಯಲ್ಲಿದ್ದವನು, ಸಹಾಯ ಕಳಿಸಿದ ಸಭೆಗೆ ಬರೆದದ್ದು. ಆ ಸಹಾಯ ತಂದ ಎಪಫ್ರೊದೀತನಂತೂ ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಹೋಗಿ ಉಳಿದ. ಬಲ ಕೊಟ್ಟ ದೇವರನ್ನು ನೆನೆದ ಕೈಯಲ್ಲೇ, ನಡೆದು ಬಂದ ಮನುಷ್ಯರನ್ನೂ ನೆನೆದಿದ್ದಾನೆ. ನಾನು ಬರೆಯಬೇಕಾದದ್ದೂ ಆ 14ನೇ ವಚನವನ್ನೇ.

ಕಸಿಗೆ ಮುಂಚೆ ಇವರಿಗೆ ಡಯಾಲಿಸಿಸ್ ಇತ್ತು, ಅಂದರೆ ಕಿಡ್ನಿಯ ಬದಲು ಯಂತ್ರದಲ್ಲಿ ರಕ್ತ ಶುದ್ಧ ಮಾಡುವುದು. ಅದು ಸಾಮಾನ್ಯವಾಗಿ ವಾರಕ್ಕೆ 3 ಸಲ, ಪ್ರತಿ ಸಲ ಸುಮಾರು 4 ಗಂಟೆ. ಹೋಗಿ ಬರುವ ಹೊತ್ತು ಬೇರೆ. ಮುಗಿಸಿ ಬಂದ ದಿನ ಇವರಿಗೆ ಮಾತಾಡಲೂ ಶಕ್ತಿ ಇರುತ್ತಿರಲಿಲ್ಲ. ಮೊದಮೊದಲು ಮನೆ ತುಂಬಾ ಜನ. ಅದು ಸಹಜ, ಅವರೆಲ್ಲರಿಗೂ ಋಣಿ. ಆದರೆ ಕಸಿಗೆ ಹೆಸರು ಬರೆಸಿ ಕಾಯುವಾಗ ಹೇಳುವುದಕ್ಕೆ ಹೊಸ ಸುದ್ದಿಯೇ ಇರುವುದಿಲ್ಲ. "ಹೇಗಿದ್ದಾರೆ?" ಎಂದು ಕೇಳಿದರೆ "ಹಾಗೇ ಇದ್ದಾರೆ" ಅಷ್ಟೇ. ಆ ಬೇಜಾರಿನ ದಿನಗಳಲ್ಲೂ ಸರದಿ ತಪ್ಪಿಸದೆ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದಿರಲ್ಲ, ಅಣ್ಣಂದಿರೇ, ತಾಳ್ಮೆಯ ಬಗ್ಗೆ ನಾನು ಎಷ್ಟೋ ಪ್ರಸಂಗ ಕೇಳಿದ್ದೇನೆ. ಕಣ್ಣಾರೆ ಕಂಡದ್ದು ಆಗ.

ಇನ್ನು ನೀರು. ಕಿಡ್ನಿ ಕೆಲಸ ಮಾಡದಿದ್ದರೆ ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆ. ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ಅದಕ್ಕೆ ದಿನಕ್ಕಿಷ್ಟೇ ಎಂದು ಅಳೆದು ಕುಡಿಯಬೇಕು. ಬಿಸಿಲಿನಲ್ಲಿ ಬಂದ ನಮ್ಮ ಪಾಸ್ಟರ್ ಇವರೆದುರು ಒಂದು ತೊಟ್ಟು ನೀರು ಮುಟ್ಟುತ್ತಿರಲಿಲ್ಲ. ಕೊಟ್ಟರೂ "ಆಮೇಲೆ" ಎನ್ನುತ್ತಿದ್ದರು. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಆತ್ಮದ ಫಲದ ಪಟ್ಟಿ ಇದೆಯಲ್ಲ, ಪ್ರೀತಿಯಿಂದ ಶುರುವಾಗಿ ಶಮೆದಮೆಯಲ್ಲಿ, ಅಂದರೆ ತನ್ನನ್ನು ತಾನು ಹಿಡಿತದಲ್ಲಿ ಇಟ್ಟುಕೊಳ್ಳುವುದರಲ್ಲಿ, ಮುಗಿಯುವುದು, ಅದರ ಎರಡು ತುದಿಯೂ ಆ ಒಂದು "ಆಮೇಲೆ"ಯಲ್ಲಿ ಇತ್ತು.

ಯಾವುದೋ ಪಾಪಕ್ಕೆ ಶಿಕ್ಷೆ ಇರಬೇಕು ಎಂದವರೂ ಇದ್ದರು. ಅವರ ಮೇಲೆ ನನಗೀಗ ಸಿಟ್ಟಿಲ್ಲ. ಯೋಹಾನ 9ನೇ ಅಧ್ಯಾಯವನ್ನು ಒಮ್ಮೆ ಓದಿ ಎಂದಷ್ಟೇ ಹೇಳುತ್ತೇನೆ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದೂ ಇದನ್ನೇ: ಪಾಪ ಇವನದೋ, ತಂದೆತಾಯಿಯದೋ? ಯೇಸು ಎರಡನ್ನೂ ಅಲ್ಲ ಎಂದ.

ಒಂದು ಹಂತದಲ್ಲಿ ಇವರು ಪ್ರಾರ್ಥನೆ ನಿಲ್ಲಿಸಿದರು. ಕೋಪವೇನಲ್ಲ, ಸುಮ್ನೆ ಆಗುತ್ತಿರಲಿಲ್ಲ. ಆಗ ಬಂದ ಅಕ್ಕನೊಬ್ಬರು ಬುದ್ಧಿ ಹೇಳಲಿಲ್ಲ. 88ನೇ ಕೀರ್ತನೆ ಓದಿದರು. ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ನಂಬಿಕೆಯ ಕಡೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ನಿಲ್ಲುತ್ತದೆ. "ಇದೂ ಬೈಬಲಿನಲ್ಲಿ ಇದೆಯಾ?" ಎಂದರು ಇವರು. "ಇದೆ, ಇದೂ ಪ್ರಾರ್ಥನೆಯೇ" ಎಂದರು ಅಕ್ಕ. ಇವರು ಮತ್ತೆ ಪ್ರಾರ್ಥಿಸುವ ತನಕ ಇವರ ಪರವಾಗಿ ನೀವೆಲ್ಲ ಪ್ರಾರ್ಥಿಸಿದಿರಿ. ನಂಬಿಕೆಯನ್ನೂ ಹೀಗೆ ಕೈಗಡ ಕೊಡಬಹುದು ಎಂದು ನನಗೆ ಗೊತ್ತೇ ಇರಲಿಲ್ಲ.

ಡಾಕ್ಟರುಗಳಿಗೆ, ನರ್ಸ್‌ಗಳಿಗೆ, ಮಕ್ಕಳಿಗೆ ಪಾಠ ಹೇಳಿಕೊಟ್ಟ ಯುವಕರಿಗೆ, ಹಣ ಕಳಿಸಿ ಹೆಸರು ಹೇಳದವರಿಗೆ ತುಂಬಾ ಧನ್ಯವಾದ.

ಒಂದು ಮನೆಗೆ ಮಾತ್ರ ಈ ಪತ್ರ ತಲುಪುವ ದಾರಿ ಇಲ್ಲ. ಕಿಡ್ನಿ ಕೊಟ್ಟ ಕುಟುಂಬ. ತೀರಿಹೋದವರ ಅಂಗ ಯಾರಿಗೆ ಹೋಯಿತು, ಯಾರಿಂದ ಬಂತು ಎಂದು ನಮಗೆ ಹೇಳುವುದಿಲ್ಲ. ಅವರು ಯಾವ ಧರ್ಮದವರೋ ಗೊತ್ತಿಲ್ಲ. ತಮ್ಮವರನ್ನು ಕಳೆದುಕೊಂಡ ಹೊತ್ತಿನಲ್ಲೇ ಯಾರೋ ಬಂದು ಕೇಳಿದ್ದಾರೆ, ಆ ಮನೆಯವರು ಒಪ್ಪಿಕೊಂಡಿದ್ದಾರೆ. ಯಾರಿಗೆ ಕೊಡುತ್ತೇವೆ ಎಂದು ತಿಳಿಯದೆ, ತಿರುಗಿ ಏನನ್ನೂ ನಿರೀಕ್ಷಿಸದೆ. ನಾವು ಸಂತೋಷದಿಂದ ಕುಣಿದ ರಾತ್ರಿ ಅವರ ಮನೆಯಲ್ಲಿ ಸಾವಾಗಿತ್ತು. ಅದನ್ನು ಮರೆತು ನಾವು ಸಾಕ್ಷಿ ಹೇಳಬಾರದು ಎಂದು ಇವರು ಪ್ರತಿ ಸಲ ನೆನಪಿಸುತ್ತಾರೆ. ದಯವಿಟ್ಟು ನಿಮ್ಮ ಪ್ರಾರ್ಥನೆಯಲ್ಲಿ ಆ ಮನೆಯವರಿಗೂ ಜಾಗ ಇರಲಿ.

ಇನ್ನೊಂದು ವಿಷಯ. ನಮ್ಮ ಸರದಿಯ ಪಟ್ಟಿಯನ್ನು ನಾನು ಹರಿದು ಹಾಕಿಲ್ಲ. ನಮ್ಮ ಸಭೆಯಲ್ಲೇ ಮತ್ತೊಬ್ಬ ತಾಯಿಗೆ ಡಯಾಲಿಸಿಸ್ ಶುರುವಾಗಿದೆ. ಈ ಸಲ ಗಾಡಿ ಓಡಿಸುವವರಲ್ಲಿ ಇವರೂ ಒಬ್ಬರು. ಗುರುವಾರ ಮತ್ತು ಶನಿವಾರದ ಸರದಿಗೆ ಇನ್ನೂ ಜನ ಬೇಕು. ಆಗುವವರು ನನಗೆ ಹೇಳಿ, ಹೆಸರು ಬರೆದುಕೊಳ್ಳುತ್ತೇನೆ.